ತೆರೆಯ ಮೇಲೆ 9.14, ಒಳಗೆ 9.144: ಕ್ಯಾಡ್ ನಕ್ಷೆಯ ಅಳತೆ ಜಾರುವುದು ಎಲ್ಲಿ?

ಕಳೆದ ತಿಂಗಳು ಹಿರಿಯರೊಬ್ಬರು ತಮ್ಮ ಮನೆಯ ನಕ್ಷೆಯ ಸುರುಳಿ ಹಿಡಿದು ನನ್ನ ಮೇಜಿನ ಮುಂದೆ ಕೂತರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಸೈಟು ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ, ಒಟ್ಟು 1200 ಚದರಡಿ. ನಕ್ಷೆಯಲ್ಲಿ ಅದೇ ಸೈಟಿಗೆ 9.14 ಮೀಟರ್, 12.19 ಮೀಟರ್ ಎಂದಿತ್ತು. ಅವರು ಮನೆಯಲ್ಲೇ ಎರಡನ್ನೂ ಗುಣಿಸಿ, ಬಂದದ್ದನ್ನು ಚದರಡಿಗೆ ತಿರುಗಿಸಿ, ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ 1199.28 ಎಂದು ಬರೆದುಕೊಂಡಿದ್ದರು. "ಮುಕ್ಕಾಲು ಚದರಡಿ ಹತ್ತಿರ ಕಡಿಮೆ ಬರ್ತಿದೆಯಲ್ಲಪ್ಪ. ನಾಳೆ ಪಕ್ಕದವರು ಇದನ್ನೇ ಹಿಡ್ಕೊಂಡು ಬಂದ್ರೆ ನಾನೇನು ಹೇಳ್ಲಿ?" ಎಂದರು.

ಅವರ ಗುಣಾಕಾರ ಸರಿಯಾಗಿತ್ತು. ಸೈಟೂ ಸರಿಯಾಗಿತ್ತು. ನಕ್ಷೆ ಬರೆದವರೂ ಗೆರೆಯನ್ನು ತಪ್ಪು ಎಳೆದಿರಲಿಲ್ಲ. 30 ಅಡಿ ಎಂದರೆ 9.144 ಮೀಟರ್, 40 ಅಡಿ ಎಂದರೆ 12.192 ಮೀಟರ್. ಎರಡೇ ದಶಾಂಶ ಸ್ಥಾನ ತೋರಿಸು ಎಂದು ತಂತ್ರಾಂಶಕ್ಕೆ ಹೇಳಿದ್ದರಿಂದ ಒಂದು ಕಡೆ 4 ಮಿಲಿಮೀಟರ್, ಇನ್ನೊಂದು ಕಡೆ 2 ಮಿಲಿಮೀಟರ್ ಕಣ್ಣಿಗೆ ಬೀಳದೆ ಹೋಗಿತ್ತು. ಆ ಎರಡು ಚೂರನ್ನು ಬಿಟ್ಟು ಗುಣಿಸಿದರೆ ಮುಕ್ಕಾಲು ಚದರಡಿಯಷ್ಟು ಕಡಿಮೆ ಬರುತ್ತದೆ.

ಮೊದಲೆಲ್ಲ ನಕ್ಷೆ ಕಾಗದದ ಮೇಲಿರುತ್ತಿತ್ತು, ಅಳತೆಯನ್ನು ಮನುಷ್ಯರೇ ಓದುತ್ತಿದ್ದರು. ಈಗ ಕಟ್ಟಡದ ಅನುಮತಿಗೆ ಕ್ಯಾಡ್ ಫೈಲನ್ನೇ ಆನ್‌ಲೈನ್‌ನಲ್ಲಿ ಸಲ್ಲಿಸುವುದು ಸಾಮಾನ್ಯವಾಗಿದೆ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಟ್ಟ ಜಾಗ) ಎಷ್ಟು, ಕಟ್ಟಿದ ಜಾಗ ಎಷ್ಟು ಎಂದು ಆ ಫೈಲಿನ ಒಳಗಿನ ಅಂಕಿಗಳನ್ನು ಇನ್ನೊಂದು ತಂತ್ರಾಂಶ ಓದಿ ಹೇಳುತ್ತದೆ. ಹಳ್ಳಿಗಳಲ್ಲಿ 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಹಾರಿಸಿ ಮನೆ, ಹಿತ್ತಿಲುಗಳ ಗಡಿ ಗುರುತಿಸುತ್ತಿದ್ದಾರೆ. ಹೀಗಾಗಿ ಕಂಪ್ಯೂಟರು ಅಂಕಿಯನ್ನು ಹೇಗೆ ಹಿಡಿದಿಡುತ್ತದೆ ಎಂಬುದು ನಕ್ಷೆ ಬರೆಯುವವರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ.

ಒಂದು ಅಳತೆ, ಮೂರು ರೂಪ

ಕ್ಯಾಡ್ ಎಂದರೆ ಕಂಪ್ಯೂಟರಿನ ನೆರವಿನಿಂದ ನಕ್ಷೆ ಬರೆಯುವ ತಂತ್ರಾಂಶ. 1982ರ ಕೊನೆಗೆ ಬಂದ ಆಟೋಕ್ಯಾಡ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಇದರಲ್ಲಿ ಗೆರೆ ಎಂದರೆ ಚಿತ್ರವಲ್ಲ, ಎರಡು ತುದಿಗಳ ವಿಳಾಸ. ಸೊನ್ನೆ ಎಂದು ಗುರುತಿಸಿದ ಒಂದು ಬಿಂದುವಿನಿಂದ ಬಲಕ್ಕೆ ಇಷ್ಟು, ಮೇಲಕ್ಕೆ ಇಷ್ಟು ಎಂಬ ಎರಡೆರಡು ಸಂಖ್ಯೆಗಳು ಫೈಲಿನಲ್ಲಿ ಕೂತಿರುತ್ತವೆ. ನಾವು ನೋಡುವ ಗೆರೆಯನ್ನು ಆ ಸಂಖ್ಯೆಗಳಿಂದ ಪ್ರತಿ ಸಲವೂ ಹೊಸದಾಗಿ ಎಳೆಯಲಾಗುತ್ತದೆ.

ಆದ್ದರಿಂದ ಯಾವುದೇ ಅಳತೆಗೆ ಮೂರು ರೂಪಗಳಿವೆ: ನಮ್ಮ ಮನಸ್ಸಿನಲ್ಲಿರುವುದು, ಕಂಪ್ಯೂಟರು ಫೈಲಿನಲ್ಲಿ ಬರೆದಿಟ್ಟುಕೊಂಡದ್ದು, ಆಮೇಲೆ ತೆರೆಯ ಮೇಲೆ ತೋರಿಸಿದ್ದು. ಈ ಮೂರೂ ಒಂದೇ ಎಂದು ನಾವು ನಂಬುತ್ತೇವೆ. ಬಹಳ ಸಲ ಮೂರೂ ಬೇರೆ ಬೇರೆ. ಎರಡನೆಯದು ಮೊದಲನೆಯದಕ್ಕಿಂತ ಕೂದಲೆಳೆಗಿಂತಲೂ ಕಡಿಮೆ ವ್ಯತ್ಯಾಸದಲ್ಲಿರುತ್ತದೆ. ಮೂರನೆಯದು ಮಾತ್ರ ಎಷ್ಟು ದೂರ ಬೇಕಾದರೂ ಇರಬಹುದು, ಏಕೆಂದರೆ ಅದನ್ನು ನಿರ್ಧರಿಸುವುದು ಯಾರೋ ಒಬ್ಬರು ಒತ್ತಿದ ಒಂದು ಆಯ್ಕೆ.

ಆಣೆ ಲೆಕ್ಕದಲ್ಲಿ ಹತ್ತು ಪೈಸೆ ಕೊಡಲು ಹೋದರೆ

ಕೂದಲೆಳೆಯಷ್ಟಾದರೂ ವ್ಯತ್ಯಾಸ ಯಾಕೆ ಬರಬೇಕು? 0.1 ಎಂದು ಒತ್ತಿದರೆ 0.1 ಎಂದೇ ಬರೆದಿಟ್ಟುಕೊಳ್ಳಲು ಕಂಪ್ಯೂಟರಿಗೆ ಏನು ಕಷ್ಟ?

ನಮ್ಮ ಅಜ್ಜ-ಅಜ್ಜಿಯರ ರೂಪಾಯಿಯನ್ನು ನೆನಪಿಸಿಕೊಳ್ಳಿ. ರೂಪಾಯಿಗೆ ಹದಿನಾರಾಣೆ. ಎಂಟಾಣೆ ಅರ್ಧ, ನಾಲ್ಕಾಣೆ ಕಾಲು, ಎರಡಾಣೆ ಎಂಟನೇ ಒಂದು, ಒಂದಾಣೆ ಹದಿನಾರನೇ ಒಂದು. ಅದರ ಕೆಳಗೆ ಅರ್ಧಾಣೆ, ಕಾಲಾಣೆ. ಪ್ರತಿ ನಾಣ್ಯವೂ ಅದರ ಮೇಲಿನ ನಾಣ್ಯದ ಅರ್ಧ. ಕನ್ನಡದ ಹಳೆಯ ಭಿನ್ನರಾಶಿಗಳೂ ಹೀಗೆಯೇ: ಅರೆ, ಕಾಲು, ಅರೆಕಾಲು, ವೀಸ. ಪಹಣಿಯಲ್ಲಿ ಇಂದಿಗೂ ಗುಂಟೆಗೆ ಹದಿನಾರು ಆಣೆಯ ಲೆಕ್ಕವಿದೆ. ಕಂಪ್ಯೂಟರಿನ ಒಳಗಿನ ಲೆಕ್ಕವೂ ಇದೇ. ಅಲ್ಲಿ 0 ಮತ್ತು 1 ಎಂಬ ಎರಡೇ ಅಂಕಿ ಇರುವುದರಿಂದ, ಒಂದಕ್ಕಿಂತ ಚಿಕ್ಕದ್ದನ್ನೆಲ್ಲ ಅರ್ಧ, ಅರ್ಧದ ಅರ್ಧ, ಅದರ ಅರ್ಧಗಳನ್ನು ಕೂಡಿಸಿಯೇ ಹೇಳಬೇಕು.

ಈಗ ಈ ನಾಣ್ಯಗಳಲ್ಲಿ ರೂಪಾಯಿಯ ಹತ್ತನೇ ಒಂದು ಭಾಗವನ್ನು ಚುಕ್ತಾ ಮಾಡಿ ನೋಡೋಣ. ಎರಡಾಣೆ ಹೆಚ್ಚಾಯಿತು. ಒಂದಾಣೆ ಇಟ್ಟರೆ 0.0625. ಜೊತೆಗೆ ಅರ್ಧಾಣೆ ಇಟ್ಟರೆ 0.09375. ಕಾಲಾಣೆ ಸೇರಿಸಿದರೆ ಮೀರುತ್ತದೆ, ಬಿಡಬೇಕು. ಅದರ ಅರ್ಧವೂ ಮೀರುತ್ತದೆ, ಅದನ್ನೂ ಬಿಡಬೇಕು. ಅದರ ಕೆಳಗಿನ ಎರಡು ಹಿಡಿಸುತ್ತವೆ: 0.09765625, ಆಮೇಲೆ 0.099609375. ಮತ್ತೆ ಎರಡು ಬಿಡಬೇಕು, ಮತ್ತೆ ಎರಡು ಇಡಬೇಕು. ಎಷ್ಟು ಚಿಕ್ಕ ನಾಣ್ಯ ಟಂಕಿಸಿದರೂ ಸಾಲ ಪೂರ್ತಿ ತೀರುವುದಿಲ್ಲ. ಹತ್ತರ ಲೆಕ್ಕದಲ್ಲಿ ಮೂರನೇ ಒಂದು ಭಾಗ 0.3333 ಎಂದು ಮುಗಿಯದೆ ಸಾಗುತ್ತದಲ್ಲ, ಎರಡರ ಲೆಕ್ಕದಲ್ಲಿ ಹತ್ತನೇ ಒಂದು ಭಾಗದ್ದೂ ಅದೇ ಗತಿ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ದೇಶಕ್ಕೆ ಎದುರಾದದ್ದೂ ಇದರ ಮಗ್ಗುಲಿನ ತೊಂದರೆಯೇ. ಒಂದಾಣೆ ಎಂದರೆ ಆರೂಕಾಲು ಪೈಸೆ, ಕಾಲು ಪೈಸೆಗೆ ನಾಣ್ಯವಿಲ್ಲ.

ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಕಂಪ್ಯೂಟರು ನಿಲ್ಲಿಸಿದಾಗ 0.1ರ ಬದಲು ಅದು ಬರೆದಿಟ್ಟುಕೊಳ್ಳುವುದು 0.1000000000000000055 ಎಂದು ಶುರುವಾಗುವ ಒಂದು ಸಂಖ್ಯೆ. ನಿಮ್ಮ ಬ್ರೌಸರಿನ ಕನ್ಸೋಲಿನಲ್ಲಿ 0.1 + 0.2 ಎಂದು ಬರೆದು ಎಂಟರ್ ಒತ್ತಿ. 0.30000000000000004 ಎಂದು ಉತ್ತರ ಬರುತ್ತದೆ. 0.1 ಅನ್ನು ಹತ್ತು ಸಲ ಕೂಡಿಸಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಯಂತ್ರ ಕೆಟ್ಟಿಲ್ಲ, ಎಲ್ಲ ಕಂಪ್ಯೂಟರುಗಳಲ್ಲೂ ಇಷ್ಟೇ.

ಇನ್ನೊಂದು ಕಡೆ, ಇಂಚು ಟೇಪಿನ ಗೀಟುಗಳೆಲ್ಲ ಅರ್ಧ, ಕಾಲು, ಅರೆಕಾಲು, ವೀಸದವು. ನಾಲ್ಕೂವರೆ ಇಂಚು, ಆರೂಕಾಲು ಇಂಚು ಇವು ಕಂಪ್ಯೂಟರಿನಲ್ಲಿ ಒಂದು ಚೂರೂ ಉಳಿಯದೆ ಕೂರುತ್ತವೆ. ಕಷ್ಟ ಕೊಡುವುದು ನಾವು ಸುಲಭ ಎಂದುಕೊಂಡಿರುವ ದಶಾಂಶ ಪದ್ಧತಿ. ನಾನು ಇದನ್ನು ಮೊದಲು ತಿಳಿದಾಗ ಮೇಸ್ತ್ರಿಗಳ ಹಳೆಯ ಟೇಪನ್ನು ಹೊಸ ಗೌರವದಿಂದ ನೋಡಿದೆ.

ಇಷ್ಟು ಸಣ್ಣ ತಪ್ಪಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ನಿಜ ಘಟನೆ ಹೇಳಬೇಕು. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನಿಂದ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಆ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. 0.1 ಅನ್ನು 24 ಬಿಟ್‌ಗಳಿಗೆ, ಎಂದರೆ 0-1ರ 24 ಅಂಕಿಗಳಿಗೆ, ಕತ್ತರಿಸಿ ಇಟ್ಟಿದ್ದರಿಂದ ಪ್ರತಿ ಎಣಿಕೆಗೂ ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ. ನೂರು ಗಂಟೆ ನಿಲ್ಲಿಸದೆ ಓಡಿದ ಮೇಲೆ 36 ಲಕ್ಷ ಎಣಿಕೆಗಳಾಗಿ ಗಡಿಯಾರ ಸುಮಾರು 0.34 ಸೆಕೆಂಡ್ ಹಿಂದೆ ಬಿದ್ದಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಹನಿ ಹನಿ ಕೂಡಿ ಹಳ್ಳವಾಗುವುದು ಇಲ್ಲಿಯೂ ನಿಜ.

ಎಷ್ಟು ಚೌಕ ಇವೆ ಎಂಬುದೇ ಮುಖ್ಯ

ಬ್ಯಾಂಕಿನ ಅರ್ಜಿಯಲ್ಲಿ ಅಂಕಿ ತುಂಬಲು ಚೌಕಗಳಿರುತ್ತವಲ್ಲ, ಕಂಪ್ಯೂಟರಿನಲ್ಲೂ ಒಂದೊಂದು ಸಂಖ್ಯೆಗೆ ಇಂತಿಷ್ಟೇ ಚೌಕ. ದಶಾಂಶ ಬಿಂದುವನ್ನು ಬೇಕಾದಲ್ಲಿ ಇಟ್ಟುಕೊಳ್ಳಬಹುದು, ಆದರೆ ಚೌಕಗಳ ಸಂಖ್ಯೆ ಹೆಚ್ಚುವುದಿಲ್ಲ. ಬಿಂದುವಿನ ಎಡಕ್ಕೆ ದೊಡ್ಡ ಸಂಖ್ಯೆ ಬರೆದರೆ ಬಲಕ್ಕೆ ಜಾಗ ಕಡಿಮೆ.

ಈಗ ಎಲ್ಲ ಕಂಪ್ಯೂಟರುಗಳೂ ಪಾಲಿಸುವ ನಿಯಮ 1985ರಲ್ಲಿ ಬಂದ ಐಟ್ರಿಪಲ್‌ಇ 754 ಎಂಬ ಮಾನದಂಡ. ಅದನ್ನು ರೂಪಿಸುವಲ್ಲಿ ಮುಂದೆ ನಿಂತ ಗಣಿತಜ್ಞ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. ಈ ನಿಯಮದಲ್ಲಿ ಎರಡು ಅಳತೆಯ ಪೆಟ್ಟಿಗೆಗಳು ಹೆಚ್ಚು ಬಳಕೆಯಲ್ಲಿವೆ. ದೊಡ್ಡದರ ಹೆಸರು ಡಬಲ್ ಪ್ರಿಸಿಷನ್, 64 ಬಿಟ್, ನಮ್ಮ ಲೆಕ್ಕದಲ್ಲಿ ಹದಿನೈದರಿಂದ ಹದಿನಾರು ಅಂಕಿ. ಚಿಕ್ಕದರ ಹೆಸರು ಸಿಂಗಲ್ ಪ್ರಿಸಿಷನ್, 32 ಬಿಟ್, ಏಳು ಅಂಕಿಯ ಆಸುಪಾಸು.

ಆಟೋಕ್ಯಾಡ್ ತನ್ನ ಬಿಂದುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಡುತ್ತದೆ. ಇನ್ನೊಂದು ಕ್ಯಾಡ್ ತಂತ್ರಾಂಶವಾದ ಮೈಕ್ರೋಸ್ಟೇಷನ್ ಹಿಂದೆ ಹಾಗಿರಲಿಲ್ಲ. 2001ರ ವಿ8 ಆವೃತ್ತಿಯ ತನಕ ಅದು 32 ಬಿಟ್‌ನ ಪೂರ್ಣಾಂಕಗಳ ಮೇಲೆ ನಿಂತಿತ್ತು, ಎಂದರೆ ಪ್ರತಿ ದಿಕ್ಕಿಗೂ 429 ಕೋಟಿ ಚಿಲ್ಲರೆ ಗೀಟುಗಳಿರುವ ಒಂದು ದೊಡ್ಡ ಗ್ರಾಫ್ ಹಾಳೆ. ಗೀಟಿಗೆ ಒಂದು ಮಿಲಿಮೀಟರ್ ಎಂದು ಇಟ್ಟುಕೊಂಡರೆ 4,294 ಕಿಲೋಮೀಟರ್ ಹಿಡಿಸುತ್ತದೆ, ಮಿಲಿಮೀಟರಿನ ಹತ್ತನೇ ಒಂದು ಬೇಕೆಂದರೆ 429 ಕಿಲೋಮೀಟರ್ ಮಾತ್ರ. ನಕ್ಷೆ ಶುರುಮಾಡುವ ಮೊದಲೇ ಇದನ್ನು ನಿರ್ಧರಿಸಬೇಕಿತ್ತು. ಇಂದಿನವರಿಗೆ ಆ ಗೋಜಿಲ್ಲ, ಆದರೆ ಮಿತಿ ಇದೆ ಎಂಬ ಅರಿವೂ ಆದ್ದರಿಂದಲೇ ಕಡಿಮೆ.

ಟೇಪಿನ ಸೊನ್ನೆ ನಡುಸಮುದ್ರದಲ್ಲಿದ್ದಾಗ

ಸರ್ವೆ ನಕ್ಷೆಗಳನ್ನು ತೆರೆದವರು ನೋಡಿರುತ್ತೀರಿ: ಗೆರೆಗಳು ನಡುಗುತ್ತವೆ, ವೃತ್ತ ಬಹುಭುಜದಂತೆ ಕಾಣುತ್ತದೆ, ಹ್ಯಾಚ್ (ಜಾಗ ತುಂಬುವ ಗೀಟುಗಳ ವಿನ್ಯಾಸ) ತುಂಬಿದರೆ ಚೆಲ್ಲಾಪಿಲ್ಲಿಯಾಗುತ್ತದೆ, ಝೂಮ್ ಮಾಡಿದಷ್ಟೂ ಮೂಲೆಗಳು ಕುಣಿಯುತ್ತವೆ. ಫೈಲು ಕೆಟ್ಟಿದೆ ಎಂದು ಹಲವರು ಮತ್ತೆ ಬರೆಯಲು ಕೂರುತ್ತಾರೆ. ಕಾರಣ ಬೇರೆ.

ಜಿಪಿಎಸ್ ಆಧಾರದ ಸರ್ವೆಗಳಲ್ಲಿ ಹೆಚ್ಚಾಗಿ ಬಳಸುವ ಯುಟಿಎಂ ಪದ್ಧತಿ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳುತ್ತದೆ. ಬೆಂಗಳೂರು 43ನೇ ಪಟ್ಟಿಯಲ್ಲಿದೆ. ಆ ಪಟ್ಟಿಯ ಸೊನ್ನೆ ಬಿಂದು ಇರುವುದು ಭೂಮಧ್ಯರೇಖೆಯ ಮೇಲೆ, ಮಾಲ್ಡೀವ್ಸಿಗೂ ಪಶ್ಚಿಮಕ್ಕೆ, ನಡುಸಮುದ್ರದಲ್ಲಿ. ಅಲ್ಲಿಂದ ಬೆಂಗಳೂರಿನ ಮಧ್ಯಭಾಗ ಪೂರ್ವಕ್ಕೆ ಸುಮಾರು 7,81,000 ಮೀಟರ್, ಉತ್ತರಕ್ಕೆ ಸುಮಾರು 14,35,000 ಮೀಟರ್. ಟೇಪಿನ ಒಂದು ತುದಿಯನ್ನು ಸಮುದ್ರದ ನಡುವೆ ಹಿಡಿದು ಇನ್ನೊಂದು ತುದಿಯಲ್ಲಿ ನಿಮ್ಮ ಅಡುಗೆಮನೆಯ ಗೋಡೆ ಅಳೆದಂತೆ.

ಡಬಲ್ ಪ್ರಿಸಿಷನ್ ಇದನ್ನು ತಡೆದುಕೊಳ್ಳುತ್ತದೆ. ಅಷ್ಟು ದೂರದಲ್ಲೂ ಅದರ ಎರಡು ಗೀಟುಗಳ ನಡುವಿನ ಅಂತರ ಒಂದು ಪರಮಾಣುವಿನ ಅಗಲದ ಆಸುಪಾಸು. ಆದರೆ ಚಿತ್ರವನ್ನು ತೆರೆಯ ಮೇಲೆ ಮೂಡಿಸುವ ಗ್ರಾಫಿಕ್ಸ್ ಕಾರ್ಡು ವೇಗಕ್ಕಾಗಿ ಸಾಮಾನ್ಯವಾಗಿ ಚಿಕ್ಕ ಪೆಟ್ಟಿಗೆಯನ್ನೇ ಬಳಸುತ್ತದೆ. 14,35,000 ಎಂದು ಬರೆಯುವಷ್ಟರಲ್ಲೇ ಏಳು ಚೌಕ ಮುಗಿದವು. ಲೆಕ್ಕ ಹಾಕಿದರೆ ಅಲ್ಲಿ ಗೀಟಿನಿಂದ ಗೀಟಿಗೆ 12.5 ಸೆಂಟಿಮೀಟರ್. ನಾಲ್ಕೂವರೆ ಇಂಚಿನ ಗೋಡೆ 11.4 ಸೆಂಟಿಮೀಟರ್. ಗೋಡೆಯ ಎರಡು ಮುಖಗಳೂ ಒಂದೇ ಗೀಟಿಗೆ ಬಿದ್ದು ಗೋಡೆಯೇ ಮಾಯವಾಗಬಹುದು, ಇಲ್ಲವೇ ಇದ್ದದ್ದಕ್ಕಿಂತ ದಪ್ಪಗೆ ಕಾಣಬಹುದು. ಇದನ್ನು ತಪ್ಪಿಸಲು ಹಲವು ತಂತ್ರಾಂಶಗಳು ಒಳಗೊಳಗೇ ಸೊನ್ನೆಯನ್ನು ಹತ್ತಿರಕ್ಕೆ ಸರಿಸಿಕೊಂಡು ಚಿತ್ರ ಬಿಡಿಸುತ್ತವೆ, ಎಲ್ಲ ಸಲವೂ ಸಾಧ್ಯವಾಗುವುದಿಲ್ಲ.

ತೆರೆಯ ಮೇಲಿನ ನಡುಕವಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಲೆಕ್ಕಕ್ಕೂ ಇದು ತಟ್ಟುತ್ತದೆ. ಸೈಟಿನ ವಿಸ್ತೀರ್ಣ ಕಂಡುಹಿಡಿಯುವ ಸಾಮಾನ್ಯ ಸೂತ್ರದಲ್ಲಿ ಒಂದು ಮೂಲೆಯ ಪೂರ್ವದ ದೂರವನ್ನು ಮುಂದಿನ ಮೂಲೆಯ ಉತ್ತರದ ದೂರದಿಂದ ಗುಣಿಸಿ, ಅಂಥ ಭಾರೀ ಗುಣಲಬ್ಧಗಳನ್ನು ಒಂದರಿಂದೊಂದು ಕಳೆಯಲಾಗುತ್ತದೆ. ಬೆಂಗಳೂರಿನ ಈ ಅಂಕಿಗಳಿಗೆ ಒಂದೊಂದು ಗುಣಲಬ್ಧವೂ ಲಕ್ಷ ಕೋಟಿ ದಾಟುತ್ತದೆ, ನಮಗೆ ಬೇಕಾದ ಉತ್ತರ 111 ಚದರ ಮೀಟರ್. ಇದು ವೇ ಬ್ರಿಜ್ ಮೇಲೆ ಲೋಡು ಲಾರಿಯನ್ನು ಚಾಲಕನ ಮೊಬೈಲ್ ಸಮೇತ ಒಮ್ಮೆ, ಮೊಬೈಲ್ ಬಿಟ್ಟು ಒಮ್ಮೆ ತೂಗಿ, ವ್ಯತ್ಯಾಸವೇ ಮೊಬೈಲಿನ ತೂಕ ಎಂದು ಬರೆದಂತೆ. ಐದೋ ಹತ್ತೋ ಕಿಲೋಗೆ ಒಂದು ಗೀಟಿರುವ ಕಾಟಾದಲ್ಲಿ ಮೊಬೈಲು ಎಲ್ಲಿ ಕಾಣಬೇಕು? ದೊಡ್ಡ ಪೆಟ್ಟಿಗೆಯಲ್ಲಿ ಇದೇ ಲೆಕ್ಕ ಮಾಡಿದರೆ ತಪ್ಪು ಅಂಗೈಯಗಲವನ್ನೂ ಮುಟ್ಟದು. ಚಿಕ್ಕ ಪೆಟ್ಟಿಗೆಯಲ್ಲಿ ಮಾಡಿದರೆ ಗುಣಲಬ್ಧದ ಒಂದೊಂದು ಗೀಟಿನ ಅಂತರವೇ 1,31,072 ಚದರ ಮೀಟರ್, ಮೂವತ್ತೆರಡು ಎಕರೆಗೂ ಹೆಚ್ಚು.

ಹೀಗಾಗಿಯೇ ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್‌ನಲ್ಲಿ ಕಟ್ಟಡವನ್ನು ತಂತ್ರಾಂಶದ ಒಳಗಿನ ಸೊನ್ನೆಯಿಂದ 16 ಕಿಲೋಮೀಟರ್, ಅಂದರೆ ಹತ್ತು ಮೈಲಿಯ ಒಳಗೇ ಇಡಬೇಕು ಎಂಬ ನಿಯಮ. ಯಂತ್ರದ ಭಾಗಗಳನ್ನು ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್, ಎನ್‌ಎಕ್ಸ್ ಮುಂತಾದವುಗಳ ಒಳಗಿರುವ ಪ್ಯಾರಾಸಾಲಿಡ್ ಎಂಬ ಗಣಿತದ ಎಂಜಿನ್ನು ಒಂದು ಕಿಲೋಮೀಟರ್ ಅಗಲ, ಉದ್ದ, ಎತ್ತರದ ಪೆಟ್ಟಿಗೆಯೊಳಗೆ ಮಾತ್ರ ಕೆಲಸ ಮಾಡುತ್ತದೆ. ಅದರೊಳಗೆ ಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಒಂದೇ ಎಂದು ಹಿಡಿಯುತ್ತದೆ.

ನಮ್ಮ ಹುಡುಗರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಆಟೋಕ್ಯಾಡ್‌ನಲ್ಲಿ ಯುಸಿಎಸ್ ಆದೇಶ ಕೊಟ್ಟು ಸೊನ್ನೆಯನ್ನು ಸೈಟಿನ ಮೂಲೆಗೆ ತಂದರೆ ಸಾಕು ಎಂದುಕೊಳ್ಳುತ್ತಾರೆ. ಓದುವ ಅಂಕಿ ಚಿಕ್ಕದಾಗುತ್ತದೆ ನಿಜ, ಆದರೆ ಫೈಲಿನಲ್ಲಿ ಬರೆದಿರುವುದು ಮೂಲ ಸೊನ್ನೆಯಿಂದಲೇ. ತೊಂದರೆ ಹೋಗಬೇಕಾದರೆ ನಕ್ಷೆಯನ್ನೇ ಸೊನ್ನೆಯ ಹತ್ತಿರಕ್ಕೆ ಸರಿಸಬೇಕು, ಎಷ್ಟು ಸರಿಸಿದೆ ಎಂಬುದನ್ನು ನಕ್ಷೆಯ ಮೇಲೇ ಬರೆದಿಡಬೇಕು. ಬರೆದಿಡದೆ ಸರಿಸಿದರೆ ಸರ್ವೆಯ ನಕ್ಷೆಯೊಂದಿಗೆ ಮತ್ತೆ ಹೊಂದಿಸುವುದು ಕಷ್ಟವಾಗುತ್ತದೆ.

ಮೆಟ್ಟಿಲಿನ ಆರು ಮಿಲಿಮೀಟರ್

ಮೇಲೆ ಹೇಳಿದ್ದೆಲ್ಲ ಕಂಪ್ಯೂಟರಿನ ಒಳಗಿನ ಮಾತು. ಕೆಲಸದ ಜಾಗದಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಂದ ಬಂದವಲ್ಲ. ಅವು ತೆರೆಯ ಮೇಲೆ ತೋರಿಸುವಾಗ ಮಾಡಿದ ರೌಂಡಿಂಗ್‌ನಿಂದ, ಎಂದರೆ ಕೊನೆಯ ಅಂಕಿಗಳನ್ನು ಹತ್ತಿರದ ಅಂಕಿಗೆ ಒಗ್ಗಿಸಿ ಕೈಬಿಡುವುದರಿಂದ ಬಂದವು.

ನೆಲದಿಂದ ನೆಲಕ್ಕೆ ಹತ್ತಡಿ ಎತ್ತರದ ಮನೆ. ಹತ್ತಡಿ ಎಂದರೆ 3048 ಮಿಲಿಮೀಟರ್. ಹದಿನೆಂಟು ಮೆಟ್ಟಿಲು ಎಂದು ನಕ್ಷೆ ಬರೆದವರು ಭಾಗಿಸಿದರು. ಒಂದೊಂದು ಮೆಟ್ಟಿಲಿಗೂ 169.333 ಮಿಲಿಮೀಟರ್. ಫೈಲಿನಲ್ಲಿ ಗೆರೆಗಳು ಹಾಗೇ ಕೂತವು, ಎಲ್ಲಿಯೂ ತಪ್ಪಿಲ್ಲ. ಡೈಮೆನ್ಷನ್ ಹಾಕುವಾಗ ದಶಾಂಶ ಬೇಡ ಎಂದು ಆರಿಸಿದ್ದರಿಂದ ಕಾಗದದ ಮೇಲೆ 169 ಎಂದು ಬಂತು. ಸೆಂಟ್ರಿಂಗ್‌ನವರು 169ಕ್ಕೆ ಕಡ್ಡಿ ಕತ್ತರಿಸಿಕೊಂಡು ಕೆಳಗಿನಿಂದ ಒಂದೊಂದಾಗಿ ಹಲಗೆ ಕಟ್ಟುತ್ತ ಹೋದರು. ಹದಿನೆಂಟು ಸಲ 169 ಎಂದರೆ 3042. ಮೇಲಿನ ಮೆಟ್ಟಿಲಿಗೆ ಬರುವಷ್ಟರಲ್ಲಿ 6 ಮಿಲಿಮೀಟರ್ ಉಳಿಯಿತು. ಮೆಟ್ಟಿಲಲ್ಲಿ ಒಂದೇ ಒಂದು ಹೆಜ್ಜೆ ಉಳಿದವಕ್ಕಿಂತ ಎತ್ತರವಾದರೆ ಕಾಲು ಅದನ್ನು ಗುರುತಿಸುತ್ತದೆ, ವಯಸ್ಸಾದವರು ಎಡವುವುದು ಅಲ್ಲೇ.

ಒಳ್ಳೆಯ ಮೇಸ್ತ್ರಿ 169ನ್ನು ನಂಬುವುದಿಲ್ಲ. ಕೆಳಗಿನ ಮಟ್ಟ, ಮೇಲಿನ ಮಟ್ಟ ಎರಡನ್ನೂ ಗೋಡೆಯ ಮೇಲೆ ಗುರುತು ಹಾಕಿಕೊಂಡು, ನಡುವಿನ ಉದ್ದವನ್ನು ಹದಿನೆಂಟು ಸಮಪಾಲು ಮಾಡಿ, ಪ್ರತಿ ಗೀಟನ್ನೂ ಕೆಳಗಿನ ಮಟ್ಟದಿಂದಲೇ ಅಳೆದು ಎಳೆಯುತ್ತಾನೆ. ಆಗ ಯಾವ ಗೀಟಿನ ತಪ್ಪೂ ಮುಂದಿನದಕ್ಕೆ ದಾಟುವುದಿಲ್ಲ. ನಕ್ಷೆಯಲ್ಲೂ ಇದೇ ಉಪಾಯವಿದೆ. ಕೋಣೆಯಿಂದ ಕೋಣೆಗೆ ಸರಪಳಿಯಂತೆ ಅಳತೆ ಕೊಡುವ ಬದಲು ಒಂದೇ ಮೂಲೆಯಿಂದ ಎಲ್ಲ ಕಂಬಗಳಿಗೂ ಅಳತೆ ಕೊಡುವುದು.

ಕೋನಗಳದ್ದು ಇನ್ನೂ ಸೂಕ್ಷ್ಮ. ಆಟೋಕ್ಯಾಡ್‌ನಲ್ಲಿ ಕೋನಕ್ಕೆ ದಶಾಂಶವೇ ಇಲ್ಲದಂತೆ ಇಟ್ಟಿದ್ದರೆ 0.3 ಡಿಗ್ರಿ ವಾಲಿದ ಗೆರೆಯನ್ನೂ ಅದು 0 ಡಿಗ್ರಿ ಎಂದೇ ತೋರಿಸುತ್ತದೆ. 40 ಅಡಿಯ ಕಾಂಪೌಂಡಿನಲ್ಲಿ 0.3 ಡಿಗ್ರಿ ಎಂದರೆ ಆ ತುದಿಯಲ್ಲಿ 6.4 ಸೆಂಟಿಮೀಟರ್, ಎರಡೂವರೆ ಇಂಚು. ಪಕ್ಕದವರೊಂದಿಗೆ ಜಗಳಕ್ಕೆ ಇಷ್ಟು ಧಾರಾಳ ಸಾಕು. ಒಮ್ಮೆ ಕಣ್ಣಳತೆಯಿಂದ ಎಳೆದ ಇಂಥ ಗೆರೆಗೆ ಸಮಾನಾಂತರವಾಗಿ ಉಳಿದ ಗೋಡೆಗಳನ್ನೆಲ್ಲ ಎಳೆದುಬಿಟ್ಟರೆ ಇಡೀ ಮನೆ ವಾಲಿರುತ್ತದೆ, ನಕ್ಷೆಯ ಮೇಲೆ ಎಲ್ಲವೂ ನೇರ ಎಂದೇ ಬರೆದಿರುತ್ತದೆ.

"ಸಮ" ಎಂದರೆ ಎಷ್ಟು ಸಮ?

ಪಕ್ಕದಲ್ಲಿ ಕನಿಷ್ಠ 1 ಮೀಟರ್ ಬಿಡಬೇಕು ಎಂಬ ನಿಯಮವಿದೆ ಎಂದುಕೊಳ್ಳಿ. ನೀವು 0.1 ಮೀಟರಿನ ಹತ್ತು ಹೆಜ್ಜೆಯಲ್ಲಿ ಆ ಜಾಗವನ್ನು ಗುರುತಿಸಿದ್ದೀರಿ. ಒಳಗಿನ ಮೊತ್ತ 0.9999999999999999. ಪರಿಶೀಲಿಸುವ ತಂತ್ರಾಂಶ "ಇದು 1ಕ್ಕಿಂತ ಕಡಿಮೆಯೇ?" ಎಂದು ಮಾತ್ರ ಕೇಳಿದರೆ ಉತ್ತರ ಹೌದು. ತೆರೆಯ ಮೇಲೆ 1.00 ಎಂದು ತೋರುತ್ತಿರುವ ಅಳತೆ ಕಡಿಮೆಯಾಯಿತು ಎಂದು ವರದಿ ಬರುತ್ತದೆ, ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ.

ಆದ್ದರಿಂದ ಒಳ್ಳೆಯ ತಂತ್ರಾಂಶ ಎರಡು ಅಳತೆಗಳನ್ನು ಹೋಲಿಸುವಾಗ ಒಂದು ಸಡಿಲ ಇಟ್ಟುಕೊಂಡಿರುತ್ತದೆ. ಇಷ್ಟಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಎರಡೂ ಒಂದೇ ಎಂದು ಹಿಡಿಯುವ ಇದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ಆಟೋಕ್ಯಾಡ್‌ನ ಆಟೋಲಿಸ್ಪ್ ಭಾಷೆಯಲ್ಲಿ ಸಮವೇ ಎಂದು ಕೇಳುವ ಆದೇಶಕ್ಕೆ ಈ ಸಡಿಲವನ್ನು ಕೊಡಲು ಪ್ರತ್ಯೇಕ ಜಾಗವೇ ಇದೆ.

ಸಡಿಲ ಎಷ್ಟಿರಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. 3ಡಿ ಮಾದರಿ ಬಿಡಿಸುವ ಸ್ಕೆಚ್‌ಅಪ್ ತಂತ್ರಾಂಶ ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಹತ್ತಿರದ ಬಿಂದುಗಳನ್ನು ಒಂದೇ ಎಂದು ಹಿಡಿಯುತ್ತದೆ. ಮನೆಗೆ ಅದು ಸಾಕು. ಓಲೆಯ ಕುಸುರಿಯನ್ನೋ ಸಣ್ಣ ತಿರುಪಿನ ಎಳೆಯನ್ನೋ ಅದರಲ್ಲಿ ಬಿಡಿಸಿದರೆ ಚಿಕ್ಕ ಮುಖಗಳು ಮೂಡದೆ ತೂತು ಬೀಳುತ್ತವೆ. ಬಳಸುವವರು ಇಡೀ ವಸ್ತುವನ್ನು ನೂರು ಪಟ್ಟೋ ಸಾವಿರ ಪಟ್ಟೋ ಹಿಗ್ಗಿಸಿ, ಕೆಲಸ ಮುಗಿಸಿ, ಮತ್ತೆ ಕುಗ್ಗಿಸುತ್ತಾರೆ.

ಸಡಿಲಕ್ಕೆ ಇನ್ನೊಂದು ಸ್ವಭಾವವಿದೆ. ಒಂದೂರಿನ ಮಾತು ಪಕ್ಕದೂರಿಗೆ ಹೋದರೆ ವ್ಯತ್ಯಾಸವೇ ತಿಳಿಯುವುದಿಲ್ಲ, ಅಲ್ಲಿಂದ ಮುಂದಿನ ಊರಿಗೂ ಹಾಗೇ. ಹೀಗೆ ಊರೂರು ದಾಟುತ್ತ ಚಾಮರಾಜನಗರದಿಂದ ಬೀದರಿಗೆ ಹೋದರೆ ಎರಡು ತುದಿಯ ಮಾತು ಎಷ್ಟು ಬೇರೆ! ಹಾಗೆಯೇ ಮೊದಲ ಬಿಂದು ಎರಡನೆಯದಕ್ಕೆ "ಸಮ", ಎರಡನೆಯದು ಮೂರನೆಯದಕ್ಕೆ "ಸಮ", ಆದರೆ ಮೊದಲನೆಯದು ಮೂರನೆಯದಕ್ಕೆ ಸಮವಲ್ಲ. ಇಂಥ ಸಾಲನ್ನು ಎಲ್ಲಿ ಒಂದುಗೂಡಿಸಬೇಕು, ಎಲ್ಲಿ ಬಿಡಬೇಕು ಎಂಬುದು ತಂತ್ರಾಂಶ ಬರೆಯುವವರಿಗೆ ಇಂದಿಗೂ ತಲೆನೋವು.

ಎರಡು ಗೆರೆ ಬಹುತೇಕ ಸಮಾನಾಂತರವಾಗಿ ಸಾಗಿ ಎಲ್ಲೋ ಕೂಡಿದಾಗಲೂ ಹೀಗೇ. ನಡುವಿನ ಕೋನ 0.1 ಡಿಗ್ರಿ ಇದ್ದು, ಒಂದು ಗೆರೆ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಕೂಡುವ ಜಾಗ 57 ಸೆಂಟಿಮೀಟರ್ ಓಡುತ್ತದೆ. ಸಣ್ಣ ತಪ್ಪನ್ನು ಇಲ್ಲಿ ಲೆಕ್ಕವೇ ಐನೂರು ಪಟ್ಟಿಗೂ ಹೆಚ್ಚು ಹಿಗ್ಗಿಸಿತು.

ಫೈಲು ಕೈ ಬದಲಿಸುವಾಗ

ಒಂದು ತಂತ್ರಾಂಶ ಕೂಡಿದೆ ಎಂದ ಮೂಲೆಯನ್ನು ಇನ್ನೊಂದು ಬಿರುಕು ಎನ್ನಬಹುದು, ಎರಡರ ಸಡಿಲ ಬೇರೆ ಬೇರೆಯಾದರೆ. ಒಂದರಲ್ಲಿ ಗಟ್ಟಿಯಾಗಿದ್ದ ಮಾದರಿ ಮತ್ತೊಂದರಲ್ಲಿ ಸೋರುವ ಪಾತ್ರೆಯಾಗುವುದು ಹೀಗೆ. 3ಡಿ ಪ್ರಿಂಟರಿಗೆ ಕಳಿಸುವ ಎಸ್‌ಟಿಎಲ್ ಫೈಲಿನ ಬೈನರಿ ರೂಪವಂತೂ ಅಂಕಿಗಳನ್ನು ಚಿಕ್ಕ ಪೆಟ್ಟಿಗೆಗೇ ಇಳಿಸಿಬಿಡುತ್ತದೆ.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕ್ಷೆ ಸಾಗಿಸಲು ಬಳಸುವ ಡಿಎಕ್ಸ್‌ಎಫ್ ಫೈಲಿನಲ್ಲಿ ಅಂಕಿಗಳನ್ನು ಅಕ್ಷರಗಳಾಗಿ ಬರೆದಿಡಬಹುದು. ಉಳಿಸುವಾಗ ಎಷ್ಟು ದಶಾಂಶ ಸ್ಥಾನ ಎಂದು ಆಟೋಕ್ಯಾಡ್ ಕೇಳುತ್ತದೆ, ಸೊನ್ನೆಯಿಂದ ಹದಿನಾರರ ತನಕ ಕೊಡಬಹುದು. ಇಲ್ಲಿ ಎರಡು ಎಂದು ಕೊಟ್ಟರೆ ಆದ ನಷ್ಟ ತೆರೆಯ ಮೇಲಿನ ರೌಂಡಿಂಗ್‌ನಂಥದ್ದಲ್ಲ. ತೆರೆಯ ಮೇಲಿನದನ್ನು ಯಾವಾಗ ಬೇಕಾದರೂ ಮೂರಕ್ಕೋ ಎಂಟಕ್ಕೋ ಏರಿಸಿ ನೋಡಬಹುದು. ಫೈಲಿನಿಂದ ಅಳಿಸಿಹೋದ ಅಂಕಿ ಆ ಫೈಲಿನಲ್ಲಿ ಮತ್ತೆ ಸಿಗುವುದಿಲ್ಲ.

ಮನೆ ಕಟ್ಟಿಸುವವರು ಏನು ಕೇಳಬಹುದು

ನಕ್ಷೆ ಮೀಟರಿನಲ್ಲಿದ್ದರೆ ಮೂರು ದಶಾಂಶ ಸ್ಥಾನ ತೋರಿಸಲು ಹೇಳಿ. ಅಡಿಯಲ್ಲಿ ಕೊಂಡ ಸೈಟಿಗೆ ಇದು ತೀರಾ ಮುಖ್ಯ, ಏಕೆಂದರೆ ಒಂದಡಿ ಎಂದರೆ ನಿಖರವಾಗಿ 0.3048 ಮೀಟರ್, ಎರಡು ಸ್ಥಾನಕ್ಕೆ ನಿಲ್ಲಿಸಿದರೆ ಬಹುಪಾಲು ಅಳತೆಗಳಲ್ಲಿ ಏನಾದರೂ ಉಳಿದೇ ಉಳಿಯುತ್ತದೆ. ಚೂರು ಅಳತೆಗಳನ್ನು ನೀವೇ ಕೂಡಿ ನೋಡಿ. ಒಟ್ಟು ಅಳತೆಗೆ ಒಂದೆರಡು ಮಿಲಿಮೀಟರ್ ಹೊಂದದಿದ್ದರೆ ಗಾಬರಿ ಬೇಡ, ಆದರೆ ಮಾರ್ಕಿಂಗ್ ಮಾಡುವವರಿಗೆ ಒಟ್ಟು ಅಳತೆಯನ್ನೇ ಹಿಡಿಯಲು ಹೇಳಿ. ವಿಸ್ತೀರ್ಣವನ್ನು ಡೈಮೆನ್ಷನ್‌ನ ಅಂಕಿಗಳನ್ನು ಗುಣಿಸಿ ಬರೆಯದೆ ತಂತ್ರಾಂಶದ ಏರಿಯಾ ಆದೇಶದಿಂದ ತೆಗೆಯಲಿ.

ನಕ್ಷೆ ಬರೆಯುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ತುದಿಗಳನ್ನು ಕಣ್ಣಳತೆಯಿಂದ ಸೇರಿಸಬೇಡಿ, ತುದಿಯನ್ನು ತಾನೇ ಸರಿಯಾಗಿ ಹಿಡಿಯುವ ಒ-ಸ್ನ್ಯಾಪ್ ಹಾಕಿಕೊಳ್ಳಿ. ಸುತ್ತುಗೆರೆ ಮುಚ್ಚಿಲ್ಲ ಎಂದು ಹ್ಯಾಚ್ ನಿರಾಕರಿಸಿದರೆ ಗ್ಯಾಪ್ ಟಾಲರೆನ್ಸ್ ಹೆಚ್ಚಿಸಿ ಮುಂದೆ ಹೋಗಬೇಡಿ, ಬಿರುಕು ಎಲ್ಲಿದೆ ಎಂದು ಹುಡುಕಿ. ಯೂನಿಟ್ಸ್ ಆದೇಶ ಕೊಟ್ಟು ಉದ್ದಕ್ಕೂ ಕೋನಕ್ಕೂ ಎಂಟು ದಶಾಂಶ ಇಟ್ಟು ಒಮ್ಮೆ ಎಲ್ಲ ಗೆರೆಗಳನ್ನೂ ಲಿಸ್ಟ್ ಮಾಡಿ ನೋಡಿ. 9.144 ಇರಬೇಕಾದಲ್ಲಿ 9.14400000 ಬಂದರೆ ಸರಿ, 9.14387215 ಎಂದು ಬಂದರೆ ಅದು ಕಂಪ್ಯೂಟರಿನ ಆಣೆ ಲೆಕ್ಕದ ತಪ್ಪಲ್ಲ, ಎಳೆಯುವಾಗ ಕೈ ಜಾರಿದ್ದು. ಯಂತ್ರದ ತಪ್ಪು ಹದಿನಾರನೇ ಅಂಕಿಯಲ್ಲಿರುತ್ತದೆ, ನಮ್ಮದು ನಾಲ್ಕನೆಯದರಲ್ಲೋ ಐದನೆಯದರಲ್ಲೋ ಇರುತ್ತದೆ.

ಆ ಹಿರಿಯರ ಫೈಲನ್ನು ನಾನು ಅವರೆದುರೇ ತೆರೆದೆ. ಸೈಟಿನ ಗೆರೆ 9.144 ಮತ್ತು 12.192ಕ್ಕೆ ಸರಿಯಾಗಿ ಕೂತಿತ್ತು, ಏರಿಯಾ ಆದೇಶಕ್ಕೆ 111.48364800 ಬಂತು. ಡೈಮೆನ್ಷನ್‌ಗಳನ್ನು ಮೂರು ಸ್ಥಾನಕ್ಕೆ ಏರಿಸಿದೆ, ವಿಸ್ತೀರ್ಣವನ್ನು ಮಾತ್ರ ಎರಡು ಸ್ಥಾನಕ್ಕೆ ನಿಲ್ಲಿಸಿ 111.48 ಎಂದು ಬರೆದು ಹೊಸ ಪ್ರತಿ ತೆಗೆದುಕೊಟ್ಟೆ. ಅವರು ಮತ್ತೆ ಮೊಬೈಲ್ ತೆಗೆದು ಚದರಡಿಗೆ ತಿರುಗಿಸಿದರು. 1199.96 ಬಂತು. "ಇದು ಕೊನೆಯಲ್ಲಿ ಒಂದೇ ಸಲ ಬಿಟ್ಟಿದ್ದು, ಅಲ್ವಾ?" ಎಂದು ಕೇಳಿ, ಹಳೆಯ ನಕ್ಷೆಯ ಅಂಚಿನ ಪೆನ್ಸಿಲ್ ಬರಹವನ್ನು ಅಳಿಸಿದರು.